ಸಂಕದ ಕಾಲು

ಪಾಣೆಮಂಗಳೂರಿನ ಹಳೆ ಸೇತುವೆಯ ಮೇಲೆ ನಾನು ಬಹಳ ಹೊತ್ತಿನಿಂದ ಬಗ್ಗಿ ನಿಂತಿದ್ದನ್ನು ನೋಡಿ, ಗೂಡಿನಬಳಿ ಕಡೆಯಿಂದ ನಡೆದು ಬರುತ್ತಿದ್ದ ಹಿರಿಯರೊಬ್ಬರಿಗೆ ಗಾಬರಿಯಾಗಿರಬೇಕು. ಹತ್ತಿರ ಬಂದರು. ಮೊದಲು ನನ್ನ ಮುಖ ನೋಡಿದರು, ಆಮೇಲೆ ಕೆಳಗಿನ ನೀರು ನೋಡಿದರು.

"ಎಂತ ಮಾರಾಯ್ರೇ, ಏನಾದ್ರೂ ಬಿತ್ತಾ?"

"ಇಲ್ಲ ಕಾಕ. ಸಂಕದ ಕಾಲು ನೋಡ್ತಾ ಇದ್ದೇನೆ."

ಅವರ ಮುಖದ ಬಿಗಿ ಸಡಿಲವಾಯಿತು. ಚೀಲವನ್ನು ಕಾಲ ಬಳಿ ಇಟ್ಟು ಅವರೂ ನನ್ನ ಪಕ್ಕದಲ್ಲಿ ಬಗ್ಗಿದರು. ಮೇ ತಿಂಗಳ ಕೊನೆಯ ವಾರ. ಒಂದೆರಡು ಮಳೆ ಬಿದ್ದಿತ್ತು ಅಷ್ಟೆ. ನೇತ್ರಾವತಿ ಹರಿಯುತ್ತಿದೆಯೋ ನಿಂತಿದೆಯೋ ಗೊತ್ತಾಗುವಂತಿರಲಿಲ್ಲ. ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವುದರಿಂದ ಬೇಸಗೆಯಲ್ಲಿಯೂ ಇಲ್ಲಿ ಹೊಳೆ ತುಂಬಿಯೇ ಇರುತ್ತದೆ. ಕಂಬಗಳು ನೀರಿನಿಂದ ನೇರವಾಗಿ ಎದ್ದು ನಿಂತ ಹಾಗೆ ಕಾಣುತ್ತವೆ. ಬುಡ ಕಾಣುವುದಿಲ್ಲ.

ನಾನು ಬಂದದ್ದು ಕಕ್ಕಿಂಜೆಯಿಂದ. ಚಾರ್ಮಾಡಿ ಘಾಟಿಯ ಬುಡದ ಊರು. ನಮ್ಮಲ್ಲಿ ಹರಿಯುವುದು ಮೃತ್ಯುಂಜಯ ಹೊಳೆ. ಬೆಟ್ಟದಿಂದ ಇಳಿದು ನಮ್ಮ ತೋಟಗಳ ಅಂಚಿನಲ್ಲಿ ಹಾದು, ಮುಂಡಾಜೆ, ಕಲ್ಮಂಜ ದಾಟಿ, ಪಜಿರಡ್ಕದ ಸದಾಶಿವೇಶ್ವರ ದೇವಸ್ಥಾನದ ಹತ್ತಿರ ಅದು ನೇತ್ರಾವತಿಗೆ ಸೇರುತ್ತದೆ. ನಮ್ಮ ತೋಟದ ಬದಿಯಿಂದ ಹೋದ ನೀರೇ ಧರ್ಮಸ್ಥಳ, ಉಪ್ಪಿನಂಗಡಿ ನೋಡಿಕೊಂಡು ಈ ಪಾಣೆಮಂಗಳೂರಿನ ಕಂಬಗಳಿಗೆ ಬಂದು ತಾಗುತ್ತದೆ. ಆ ಲೆಕ್ಕದಲ್ಲಿ ನನಗೂ ಈ ಸೇತುವೆಗೂ ಸಂಬಂಧ ಇದೆ. ಬ್ರಿಟಿಷರ ಕಾಲದ್ದು, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಕಟ್ಟಿದ್ದು, ನೂರು ವರ್ಷ ದಾಟಿದೆ. ಬೆಂಗಳೂರು ಹೆದ್ದಾರಿಗೆ ಪಕ್ಕದಲ್ಲಿ ಅಗಲವಾದ ಸೇತುವೆ ಬಂದು ಎಷ್ಟೋ ಕಾಲವಾಯಿತು. ಹಳೆಯದು ಈಗ ಊರಿನವರ ಸೇತುವೆ. ಘನ ವಾಹನಗಳನ್ನು ಬಿಡುವುದಿಲ್ಲ. ಪಾಣೆಮಂಗಳೂರಿನ ಪೇಟೆಗೆ, ಮಸೀದಿಗೆ, ವೀರ ವಿಠಲನ ದೇವಸ್ಥಾನಕ್ಕೆ, ಶಾಲೆಗೆ ಹೋಗುವವರು ದಾಟುತ್ತಾರೆ. ಮಳೆಗಾಲದಲ್ಲಿ ನೆರೆ ನೋಡಲು ಜನ ಬಂದು ನಿಲ್ಲುವುದೂ ಈ ಬದಿಗಳಲ್ಲಿಯೇ.

ನಾನು ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ಇದನ್ನು ನೋಡಿ ಮುಂದೆ ಹೋದವನು. ಇಳಿದು, ನಡೆದು, ಬಗ್ಗಿ ನೋಡಬೇಕು ಅನ್ನಿಸಿದ್ದು ಬಹಳ ದೂರದ ಒಂದು ಸೇತುವೆಯನ್ನು ನೋಡಿ ಬಂದ ಮೇಲೆ.

ಮಗಳು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಕೆಲಸದಲ್ಲಿದ್ದಾಳೆ. 2023ರ ಅಕ್ಟೋಬರಿನಲ್ಲಿ ಅಡಿಕೆ ಕೊಯ್ಲಿಗೆ ಮೊದಲು ಒಂದು ತಿಂಗಳು ಅಲ್ಲಿಗೆ ಹೋಗಿದ್ದೆವು. ಒಂದು ಶನಿವಾರ ಅವಳು ನಮ್ಮನ್ನು ರೈಲಿನಲ್ಲಿ ಪ್ರಾಗ್‌ಗೆ ಕರೆದುಕೊಂಡು ಹೋದಳು. ಎಲ್ಬೆ ನದಿಯ ಬದಿಯಲ್ಲೇ ಹೋಗುವ ರೈಲು ಅದು. ಪ್ರಾಗ್‌ನಲ್ಲಿ ಹರಿಯುವ ವಲ್ಟಾವ ನದಿ ಮುಂದೆ ಎಲ್ಬೆಯನ್ನು ಸೇರಿ ಡ್ರೆಸ್ಡೆನ್‌ಗೆ ಬರುತ್ತದೆ ಎಂದು ಮಗಳು ಹೇಳಿದಾಗ, "ನಮ್ಮ ಪಜಿರಡ್ಕದ ಹಾಗೆ" ಎಂದಳು ನನ್ನ ಹೆಂಡತಿ. ಆ ಮಾತಿನ ನಂತರ ನನಗೆ ಆ ಊರು ಪರಸ್ಥಳ ಅನ್ನಿಸಲಿಲ್ಲ.

ಪ್ರಾಗ್‌ನ ಚಾರ್ಲ್ಸ್ ಸೇತುವೆಗೆ ಅಡಿಗಲ್ಲು ಹಾಕಿದ್ದು 1357ರಲ್ಲಿ, ನಾಲ್ಕನೇ ಚಾರ್ಲ್ಸ್ ಎಂಬ ಅರಸ. ನಮ್ಮಲ್ಲಿ ವಿಜಯನಗರ ಹುಟ್ಟಿ ಇಪ್ಪತ್ತು ವರ್ಷ ಆಗಿದ್ದ ಕಾಲ. ಉದ್ದ 516 ಮೀಟರ್, ಅಗಲ ಹತ್ತು ಮೀಟರಿಗೆ ತುಸು ಕಡಿಮೆ, ಕೆಳಗೆ ಹದಿನಾರು ಕಮಾನುಗಳು. ಎಲ್ಲ ಮರಳುಗಲ್ಲು, ಹೊಗೆಗೂ ಮಳೆಗೂ ಕಪ್ಪಾದದ್ದು. ಎರಡೂ ಬದಿಯಲ್ಲಿ ಮೂವತ್ತು ವಿಗ್ರಹಗಳು, ಹೆಚ್ಚಿನವು 1700ರ ಆಸುಪಾಸಿನವು. ಅವುಗಳಲ್ಲಿ ಹಲವು ಈಗ ನಕಲು, ಅಸಲು ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಒಂದರ ಮುಂದೆ ನಾವು ನಿಂತೇಬಿಟ್ಟೆವು. ಸಂತ ಫ್ರಾನ್ಸಿಸ್ ಕ್ಸೇವಿಯರ್! ಗೋವಾದಲ್ಲಿ ಶರೀರ ಇಟ್ಟಿರುವ, ನಮ್ಮ ಕರಾವಳಿಯ ಎಷ್ಟೋ ಮನೆಗಳ ಗೋಡೆಯ ಮೇಲೆ ಚಿತ್ರವಿರುವ ಅದೇ ಸಂತ. ಪೀಠದ ಕೆಳಗೆ ಬೇರೆ ಬೇರೆ ದೇಶದ ಜನರ ಆಕೃತಿಗಳು ಅವನನ್ನು ಹೊತ್ತು ನಿಂತಿವೆ. ಅವರಲ್ಲೊಬ್ಬ ಭಾರತದವನು. ಅಲ್ಲಿನ ಶಿಲ್ಪಿ ಮೂರು ಶತಮಾನದ ಹಿಂದೆ ನಮ್ಮವರನ್ನು ಹೇಗೆ ಊಹಿಸಿಕೊಂಡಿದ್ದ ಎಂದು ಬಹಳ ಹೊತ್ತು ನೋಡಿದೆ.

ಅಲ್ಲಿ ಹೇಳುವ ಒಂದು ಕಥೆ ನನಗೆ ಇಷ್ಟವಾಯಿತು. ಗಾರೆ ಗಟ್ಟಿಯಾಗಲಿ ಎಂದು ಅರಸ ಊರೂರಿನಿಂದ ಕೋಳಿಮೊಟ್ಟೆ ತರಿಸಿದನಂತೆ. ವೆಲ್ವಾರಿ ಎಂಬ ಊರಿನವರು ದಾರಿಯಲ್ಲಿ ಒಡೆಯಬಾರದೆಂದು ಬೇಯಿಸಿ ಕಳಿಸಿದರಂತೆ! ನಮ್ಮಲ್ಲಿಯೂ ಹಳೆ ಮನೆ ಕಟ್ಟುವಾಗ ಸುಣ್ಣಕ್ಕೆ ಬೆಲ್ಲದ ನೀರು ಹಾಕುತ್ತಿದ್ದರು, ಮೊಟ್ಟೆಯ ಬಿಳಿಯನ್ನೂ ಹಾಕುತ್ತಿದ್ದರು. ಹೆಂಡತಿಯ ತವರಿನ ಚಾವಡಿಯ ಗಾರೆ ಹಾಗೆ ಮಾಡಿದ್ದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಲ್ಲನ್ನು ಕಲ್ಲಿಗೆ ಅಂಟಿಸುವ ಚಿಂತೆ ಎಲ್ಲ ದೇಶದ ಕೆಲಸದವರಿಗೂ ಒಂದೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಲಿನ ಯಾವುದೂ ಅಲ್ಲ. ಸೇತುವೆಯ ನಡುವಿನಿಂದ ಬಗ್ಗಿ ನೋಡಿದಾಗ ಕಂಬಗಳ ಎದುರು, ನೀರು ಬರುವ ದಿಕ್ಕಿಗೆ, ದಪ್ಪ ಮರದ ತೊಲೆಗಳನ್ನು ಓರೆಯಾಗಿ ಜೋಡಿಸಿ ನಿಲ್ಲಿಸಿದ್ದರು. ಮನೆಯ ಮಾಡನ್ನು ಬಿಚ್ಚಿ ಹೊಳೆಯಲ್ಲಿ ಇಟ್ಟ ಹಾಗೆ. "ಅದು ಎಂತಕ್ಕೆ?" ಎಂದು ಮಗಳನ್ನು ಕೇಳಿದೆ. ಚಳಿಗಾಲದಲ್ಲಿ ತೇಲಿಬರುವ ಮಂಜುಗಡ್ಡೆ, ನೆರೆಯಲ್ಲಿ ಬರುವ ಮರಗಳು ನೇರವಾಗಿ ಕಂಬಕ್ಕೆ ಬಡಿಯದಂತೆ ಅವನ್ನು ಇಟ್ಟಿದ್ದಾರೆ ಎಂದಳು. ಮೊದಲು ಅಲ್ಲಿ ಜೂಡಿತ್ ರಾಣಿಯ ಹೆಸರಿನ ಕಲ್ಲಿನ ಸೇತುವೆ ಇತ್ತು, 1342ರಲ್ಲಿ ಮಂಜುಗಡ್ಡೆಯ ನೆರೆ ಅದನ್ನು ಒಡೆದು ಹಾಕಿತ್ತು. ಹಾಗೆ ಬಿದ್ದದ್ದರಿಂದಲೇ ಈಗಿನದನ್ನು ಕಟ್ಟಿದ್ದು. ಈಗಿನದು ಕೂಡ ಪಾರಾಗಲಿಲ್ಲ. 1890ರ ಸೆಪ್ಟೆಂಬರಿನ ನೆರೆಯಲ್ಲಿ ಮೇಲಿನ ಕಾಡುಗಳಿಂದ ತೇಲಿ ಬಂದ ಮರದ ದಿಮ್ಮಿಗಳು ಕಮಾನುಗಳಿಗೆ ಅಡ್ಡ ಸಿಕ್ಕಿಕೊಂಡು ಸೇತುವೆಯೇ ಅಣೆಕಟ್ಟಾಯಿತು. ನೀರು ಒತ್ತಿ, ಬುಡ ಕೊರೆದು, ಮೂರು ಕಮಾನು ಕುಸಿದವು. ಕ್ಸೇವಿಯರನ ವಿಗ್ರಹ ನದಿಗೆ ಬಿದ್ದದ್ದು ಆಗಲೇ. ನಾವು ನೋಡಿದ್ದು ಆಮೇಲೆ ಮಾಡಿ ನಿಲ್ಲಿಸಿದ ನಕಲು.

ಮರದ ದಿಮ್ಮಿ ಎಂದ ಕೂಡಲೇ ನನ್ನ ಕಣ್ಣಿಗೆ ಕಟ್ಟಿದ್ದು 2019ರ ಆಗಸ್ಟ್ 9.

ಆ ದಿನ ಚಾರ್ಮಾಡಿಯ ಬೆಟ್ಟಗಳು ಜರಿದವು. ಮೃತ್ಯುಂಜಯ ಹೊಳೆಯಲ್ಲಿ ನಾನು ಅದುವರೆಗೆ ನೋಡದ ಬಣ್ಣದ ನೀರು ಬಂತು. ನೀರಿಗಿಂತ ಮೊದಲು ಸದ್ದು. ಬಂಡೆ ಬಂಡೆಗೆ ಉಜ್ಜುವ, ನೆಲದ ಒಳಗಿನಿಂದ ಬರುವ ಸದ್ದು. ಆಮೇಲೆ ಬೇರು ಸಮೇತ ಮರಗಳು. ನಮ್ಮ ತಾಲೂಕಿನ ಎಷ್ಟೋ ಸೇತುವೆ, ಕಿಂಡಿ ಅಣೆಕಟ್ಟುಗಳಿಗೆ ಆ ಮರಗಳು ಅಡ್ಡ ಬಿದ್ದವು. ಹೊಳೆ ದಾರಿ ಸಿಗದೆ ಬದಿಯನ್ನು ಕೊರೆದು ತೋಟಗಳಿಗೆ ನುಗ್ಗಿತು. ಚಾರ್ಮಾಡಿಯ ಕೊಳಂಬೆಯಲ್ಲಿ ಮನೆಗಳ ಒಳಗೆ ಹೊಯಿಗೆ ತುಂಬಿತು. ನಂತರ ಉಜಿರೆಯ 'ಬದುಕು ಕಟ್ಟೋಣ ಬನ್ನಿ' ತಂಡದವರು, ಸಾವಿರಾರು ಸ್ವಯಂಸೇವಕರು ಬಂದು ಆ ಹೊಯಿಗೆ ತೆಗೆದು ಮನೆಗಳನ್ನು ಮತ್ತೆ ಎಬ್ಬಿಸಿದ್ದು ನಮ್ಮ ಕಾಲದ ದೊಡ್ಡ ಕೆಲಸಗಳಲ್ಲಿ ಒಂದು. ನಮ್ಮ ತೋಟದಲ್ಲಿ ಹೋದದ್ದು ಒಂದಷ್ಟು ಅಡಿಕೆ ಮರ, ಒಂದು ಪಂಪುಶೆಡ್ಡು, ಮತ್ತು ಹೊಳೆ ದಾಟುವ ಸಂಕ.

ಸಂಕ ಎಂದರೆ ಎರಡು ಹೊಸ ಅಡಿಕೆ ಮರ ತಂದು ಹಾಕಿದರೆ ಮುಗಿಯಿತು ಎಂದು ಹೊರಗಿನವರು ತಿಳಿಯಬಹುದು. ನನ್ನ ಅಪ್ಪ ಅದನ್ನು ಕಟ್ಟುವುದನ್ನು ನೋಡಿ ಬೆಳೆದವನಿಗೆ ಹಾಗೆ ಅನ್ನಿಸುವುದಿಲ್ಲ. ಹಣ್ಣಾದ ಅಡಿಕೆ ಮರ ಮೂರೋ ನಾಲ್ಕೋ ಆರಿಸಿ, ಬುಡ ಒಂದು ದಡಕ್ಕೆ ತುದಿ ಇನ್ನೊಂದು ದಡಕ್ಕೆ ಬರುವ ಹಾಗೆ ಅದಲು ಬದಲು ಮಾಡಿ ಜೋಡಿಸಬೇಕು. ಬೆತ್ತದಲ್ಲಿ ಬಿಗಿಯಬೇಕು. ಒಂದು ಬದಿಗೆ ಬಿದಿರಿನ ಕೈತಾಂಗು. ಇಷ್ಟು ಕೆಲಸ ಅರ್ಧ ದಿನದ್ದು. ಅದಕ್ಕೆ ಮೊದಲು ಎರಡು ದಿನ ಅಪ್ಪ ಹೊಳೆಯಲ್ಲಿ ಮೊಣಕಾಲಷ್ಟು ನೀರಿನಲ್ಲಿ ನಿಂತು ದಡದ ಬುಡಕ್ಕೆ ಕಲ್ಲು ಕಟ್ಟುತ್ತಿದ್ದರು. ಸಣ್ಣ ಕಲ್ಲು ಹಾಕಿದರೆ ಬೈಯುತ್ತಿದ್ದರು. "ಮರ ಮುರಿದು ಸಂಕ ಬೀಳುವುದಿಲ್ಲ ಮಗ, ಕಾಲು ಜಾರಿ ಬೀಳುವುದು" ಎನ್ನುತ್ತಿದ್ದರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ಪತ್ತನಾಜೆ ಕಳೆದ ಮೇಲೆ, ಅವರು ಮೊದಲು ಹೋಗಿ ನೋಡುತ್ತಿದ್ದದ್ದು ಆ ಕಲ್ಲುಗಳನ್ನು.

ಪ್ರಾಗ್‌ನಲ್ಲಿ ಆ ಮರದ ಮಾಡುಗಳನ್ನು ನೋಡಿದಾಗ ನನಗೆ ಅಪ್ಪನ ಮಾತು ನೆನಪಾದದ್ದು ಹೀಗೆ. ಆರು ಶತಮಾನ ಬಾಳಿದ ಸೇತುವೆ ಅಲ್ಲಿನ ಕಲ್ಲು ಗಟ್ಟಿ ಎಂದು ಬಾಳಿದ್ದಲ್ಲ. ಬಿದ್ದಾಗಲೆಲ್ಲ ಎಬ್ಬಿಸಿದ್ದಾರೆ, ಪ್ರತಿ ತಲೆಮಾರಿನಲ್ಲಿ ಯಾರೋ ಅದರ ಕಾಲು ನೋಡಿದ್ದಾರೆ. ಅದರ ಮೇಲೆ ಕುದುರೆ ಟ್ರಾಮ್ ಓಡಿತು, ವಿದ್ಯುತ್ ಟ್ರಾಮ್ ಓಡಿತು, ಬಸ್ಸು ಕಾರು ಓಡಿದವು. 1965ರಲ್ಲಿ ವಾಹನಗಳನ್ನು ನಿಲ್ಲಿಸಿ ನಡೆಯುವವರಿಗೆ ಬಿಟ್ಟುಕೊಟ್ಟರು. 2002ರ ಆಗಸ್ಟಿನಲ್ಲಿ ಆ ನಗರ ಮುಳುಗಿದಾಗ ಸೇತುವೆಯ ಮೇಲೆ ಯಂತ್ರ ನಿಲ್ಲಿಸಿ, ಕಂಬಕ್ಕೆ ಸಿಕ್ಕಿಕೊಳ್ಳುವ ಮರಮಟ್ಟುಗಳನ್ನು ಆಗಿಂದಾಗಲೇ ಎತ್ತಿ ತೆಗೆದರು. 1890ರ ಪಾಠ ಮರೆತಿರಲಿಲ್ಲ. ಸೇತುವೆಯ ಹತ್ತಿರ ದಡದ ಗೋಡೆಯಲ್ಲಿ ಒಂದು ಕಲ್ಲಿನ ಮುಖ ಇದೆ. ಬ್ರಾದಾಚ್, ಅಂದರೆ ಗಡ್ಡದವನು. ನೀರು ಅವನ ಗಡ್ಡಕ್ಕೆ ಬಂದರೆ ದಂಡೆಯ ಮನೆಗಳವರು ಏಳಬೇಕು, ನೆತ್ತಿ ಮುಳುಗಿದರೆ ಹಳೆ ಪೇಟೆಯ ಚೌಕದಲ್ಲಿ ದೋಣಿ ಎಂದು ಲೆಕ್ಕ. ಪಾಣೆಮಂಗಳೂರು ಇರುವ ಬಂಟ್ವಾಳದಲ್ಲಿ 8.5 ಮೀಟರ್ ಅಪಾಯದ ಮಟ್ಟ. ಮಳೆಗಾಲದಲ್ಲಿ ಆ ಅಂಕಿ ಇಲ್ಲಿನ ಮಕ್ಕಳ ಬಾಯಲ್ಲಿಯೂ ಇರುತ್ತದೆ.

ನಾವು ಹೋಗಿ ಬಂದ ಮರುವರ್ಷ, 2024ರ ಸೆಪ್ಟೆಂಬರ್ 11ರಂದು ಮಗಳ ಫೋನು ಬಂತು. ಅಲ್ಲಿ ಬೆಳಗು, ನಮ್ಮಲ್ಲಿ ಮಧ್ಯಾಹ್ನ. "ಅಪ್ಪ, ನಾವು ಟ್ರಾಮ್‌ನಲ್ಲಿ ದಾಟಿದ ಸೇತುವೆ ಬಿತ್ತು" ಎಂದಳು. ಡ್ರೆಸ್ಡೆನ್‌ನ ಕರೋಲ ಸೇತುವೆ, 1971ರದು, ಕಾಂಕ್ರೀಟಿನದು. ರಾತ್ರಿ ಮೂರು ಗಂಟೆಗೆ ಅದರ ಒಂದು ಭಾಗ ಎಲ್ಬೆಗೆ ಕುಸಿದಿತ್ತು. ಕೊನೆಯ ಟ್ರಾಮ್ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಒಳಗೆ ಬಿಗಿದಿದ್ದ ಉಕ್ಕಿನ ತಂತಿಗಳು ಯಾರ ಕಣ್ಣಿಗೂ ಬೀಳದೆ ಬಿರುಕು ಬಿಟ್ಟಿದ್ದವು ಎಂದು ಆಮೇಲೆ ಗೊತ್ತಾಯಿತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತ್ತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಎಳೆದು ತಂದರು. ಆ ಸೇತುವೆಗೆ ನಾಲ್ಕು ದಶಕ. ಮನುಷ್ಯನಿಗಾದರೆ ದುಡಿಯುವ ಪ್ರಾಯ.

ಇದೇ ಬಂಟ್ವಾಳ ತಾಲೂಕಿನ ಕಥೆ ಇನ್ನೊಂದು ಇದೆ. 2018ರ ಜೂನ್ 25ರಂದು ಫಲ್ಗುಣಿ ಹೊಳೆಯ ಮೂಲರಪಟ್ಣ ಸೇತುವೆ ಮುರಿದು ಬಿತ್ತು. ಅದೂ ಮೂವತ್ತು ಚಿಲ್ಲರೆ ವರ್ಷದ್ದು. ಅದೇ ಹೊಳೆಯಲ್ಲಿ ಕೆಳಗೆ ಗುರುಪುರದಲ್ಲಿ 1920ರ ದಶಕದ ಹಳೆ ಸೇತುವೆ, ಪಕ್ಕದಲ್ಲಿ 2020ರಲ್ಲಿ ಹೊಸದು ಬರುವವರೆಗೂ, ಹೆದ್ದಾರಿಯ ಭಾರವನ್ನೆಲ್ಲ ಹೊತ್ತಿತು. ಹಳೆಯದೆಲ್ಲ ಗಟ್ಟಿ, ಹೊಸದೆಲ್ಲ ಪೊಳ್ಳು ಎನ್ನುವ ಮಾತಿಗೆ ನಾನು ಹೋಗುವುದಿಲ್ಲ. ಅದು ಸುಲಭದ ಮಾತು. ಮೂಲರಪಟ್ಣದಲ್ಲಿ ಸೇತುವೆ ಬಿದ್ದಾಗ ಊರಿನವರೆಲ್ಲ ಬೆರಳು ತೋರಿಸಿದ್ದು ಹೊಯಿಗೆಯ ಕಡೆಗೆ. ಹೊಳೆಯಿಂದ ಹೊಯಿಗೆ ತೆಗೆದಷ್ಟೂ ತಳ ತಗ್ಗುತ್ತದೆ, ಕಂಬ ನೆಲದೊಳಗೆ ಹೂತ ಆಳ ಕಡಿಮೆಯಾಗುತ್ತದೆ. ಹಲ್ಲಿನ ವಸಡು ಸವೆದ ಹಾಗೆ. ಮೇಲೆ ಎಷ್ಟು ಬಣ್ಣ ಬಳಿದರೇನು?

ಇದನ್ನೆಲ್ಲ ಪಾಣೆಮಂಗಳೂರಿನ ಸೇತುವೆಯ ಮೇಲೆ ಕಾಕನಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸುತ್ತ ಕೇಳಿದರು. ಅವರು ಪ್ರಾಯದಲ್ಲಿ ದೋಣಿಯಲ್ಲಿ ಹೋಗಿ, ಮುಳುಗಿ, ಬಕೆಟ್ಟಿನಲ್ಲಿ ಹೊಯಿಗೆ ತೆಗೆಯುವ ಕೆಲಸ ಮಾಡಿದವರು. ಹೊಳೆಯ ತಳವನ್ನು ಕಾಲಿನಲ್ಲಿ ಮುಟ್ಟಿ ಬಲ್ಲವರು.

"ಕಂಬ ಇರುವಲ್ಲೆಲ್ಲ ಗುಂಡಿ ಇರ್ತದೆ ಮಾರಾಯ್ರೇ. ನೀರು ಬಂದು ಕಂಬಕ್ಕೆ ಹೊಡೀತದಲ್ಲ, ಅದು ಕೆಳಗೆ ಹೋಗಿ ಸುತ್ತು ಹಾಕ್ತದೆ. ಸುಳಿ. ಅದು ಹೊಯಿಗೆ ತೆಗೀತದೆ. ನೆರೆ ಇರುವಾಗ ಗುಂಡಿ ಮನೆಯಷ್ಟು ದೊಡ್ಡದು. ನೆರೆ ಇಳಿಯುವಾಗ ಅದೇ ಹೊಯಿಗೆ ತಂದು ಮುಚ್ಚಿಬಿಡ್ತದೆ. ನೀವು ಬೇಸಗೆಯಲ್ಲಿ ಬಂದು ನೋಡಿದ್ರೆ ಎಂತದೂ ಇಲ್ಲ, ಚಂದ."

ಸೇತುವೆಯ ಎಂಜಿನಿಯರುಗಳು ದೊಡ್ಡ ಗ್ರಂಥಗಳಲ್ಲಿ ಬರೆದಿಟ್ಟದ್ದನ್ನು ಅವರು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದರು. ಲೋಕದಲ್ಲಿ ಹೊಳೆಗೆ ಕಟ್ಟಿದ ಸೇತುವೆಗಳು ಬೀಳುವ ದೊಡ್ಡ ಕಾರಣಗಳಲ್ಲಿ ಒಂದು ಇದು: ನೆರೆಯ ಹೊತ್ತಿನಲ್ಲಿ ಬುಡ ಕೊರೆಯುವುದು. ತಪಾಸಣೆಗೆ ಬರುವ ಹೊತ್ತಿಗೆ ಗುಂಡಿ ಮುಚ್ಚಿರುತ್ತದೆ, ತುಂಬಿದ್ದು ಸಡಿಲ ಹೊಯಿಗೆ, ಮುಂದಿನ ನೆರೆಗೆ ಗಳಿಗೆಯಲ್ಲಿ ಹೋಗುವಂಥದ್ದು. ಹಾಗಾಗಿ ನೋಡುವುದಿದ್ದರೆ ನೆರೆಯಲ್ಲಿಯೇ ಅಳೆಯಬೇಕು, ಅಥವಾ ಮುಳುಗಿ ಬಲ್ಲವರನ್ನು ಕೇಳಬೇಕು. ನೇತ್ರಾವತಿಯ ದಂಡೆಯಲ್ಲಿ ಅಂಥ ಹಿರಿಯರು ಇನ್ನೂ ಇದ್ದಾರೆ. ಅವರ ಬಾಯಿಂದ ಈ ತಳದ ಲೆಕ್ಕವನ್ನು ಬರೆದುಕೊಳ್ಳುವ ಕೆಲಸ ಯಾರಾದರೂ ಮಾಡಬೇಕು ಎಂದು ನನಗೆ ಬಹಳ ಅನ್ನಿಸುತ್ತದೆ.

ಇಷ್ಟಾಗಿಯೂ ಈ ಸೇತುವೆ ನಿಂತಿದೆ. ಹಿರಿಯರು ಮಾರಿಬೊಳ್ಳ ಎಂದು ಕರೆಯುವ 1920ರ ದಶಕದ ನೆರೆಯನ್ನು ನೋಡಿದೆ. 1974ರದನ್ನು ನೋಡಿದೆ. ಕಾಕನಿಗೆ ಆಗ ಹತ್ತು ಹನ್ನೆರಡು ವರ್ಷ. ಬಂಟ್ವಾಳ ಪೇಟೆಯಲ್ಲಿ ದೋಣಿ ಹೋದದ್ದು, ತೆಂಗಿನಕಾಯಿ, ಹುಲ್ಲುಮೆದೆ, ಸತ್ತ ದನ ತೇಲಿ ಹೋದದ್ದು ಅವರಿಗೆ ನೆನಪಿದೆ. "ಎಲ್ಲ ಹೋಯ್ತು, ಇದು ಹೋಗ್ಲಿಲ್ಲ" ಎಂದು ಸೇತುವೆಯ ಮೇಲೆ ಅಂಗೈ ಇಟ್ಟರು. ಮನೆಯ ದನದ ಬೆನ್ನ ಮೇಲೆ ಕೈ ಇಡುವ ಹಾಗೆ.

ಕರ್ನಾಟಕದಲ್ಲಿ ಇಂಥ ಹಿರಿಯ ಸೇತುವೆಗಳಿಗೆ ಕೊರತೆ ಇಲ್ಲ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಗೆ ಕಮಾನುಗಳೇ ಇಲ್ಲ. ಕಲ್ಲು ಕಂಬ ನಿಲ್ಲಿಸಿ ಅದರ ಮೇಲೆ ಕಲ್ಲು ತೊಲೆ ಮಲಗಿಸಿದ್ದು, ದೇವಸ್ಥಾನದ ಮಂಟಪವನ್ನೇ ಕಾವೇರಿಯಲ್ಲಿ ಉದ್ದಕ್ಕೆ ಎಳೆದ ಹಾಗೆ. ಹತ್ತಿರದಲ್ಲಿಯೇ ಇನ್ನೊಂದು ಬಗೆಯೂ ಇದೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ತೂಗುಸೇತುವೆಯಿಂದ ಶುರು ಮಾಡಿ ಕರ್ನಾಟಕ, ಕೇರಳ, ಒಡಿಶಾದವರೆಗೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಆ ತೂಗುಸೇತುವೆಗಳ ಬುದ್ಧಿ ನೋಡಿ: ಹೊಳೆಯ ನಡುವೆ ಕಾಲೇ ಇಡುವುದಿಲ್ಲ. ಎರಡು ದಡದಲ್ಲಿ ಗೋಪುರ, ನಡುವೆ ಉಕ್ಕಿನ ಹಗ್ಗ. ಮರ ಬರಲಿ, ಬಂಡೆ ಬರಲಿ, ಕೆಳಗಿನಿಂದ ಹೋಗುತ್ತದೆ. ಶಾಲೆಗೆ ಹೋಗುವ ಮಕ್ಕಳು ಮೇಲಿನಿಂದ ಹೋಗುತ್ತಾರೆ. ನಮ್ಮ ಮಲೆಯ ಹೊಳೆಗಳ ಸ್ವಭಾವ ಬಲ್ಲವರ ಕೆಲಸ ಅದು.

ಪಾಣೆಮಂಗಳೂರಿನ ಸೇತುವೆಯ ವಿಷಯದಲ್ಲಿ ನನ್ನದೊಂದು ಆಸೆ ಇದೆ. ಹೇಳಿಯೇ ಬಿಡುತ್ತೇನೆ. ಹೊಸ ಸೇತುವೆ ಬಂದ ಮೇಲೆ ಹಳೆಯದನ್ನು ನಾವು ಎರಡರಲ್ಲಿ ಒಂದು ಮಾಡುತ್ತೇವೆ. ಕೆಡವುತ್ತೇವೆ, ಇಲ್ಲವಾದರೆ ಮರೆಯುತ್ತೇವೆ. ಮರೆತ ಸೇತುವೆಯ ಸಂದಿಯಲ್ಲಿ ಅಶ್ವತ್ಥದ ಗಿಡ ಹುಟ್ಟುತ್ತದೆ, ಕಸದ ಚೀಲ ಬಂದು ಬೀಳುತ್ತದೆ. ಇದನ್ನು ನಡೆಯುವವರಿಗೆ ಬಿಟ್ಟುಕೊಡಬಾರದೇ? ಆಟೊ, ಕಾರುಗಳಿಗೆ ಪಕ್ಕದಲ್ಲಿ ದಾರಿ ಇದೆ. ಇಲ್ಲಿ ಸಂಜೆ ಹೊತ್ತು ಪ್ರಾಯ ಆದವರು ಕೂತು ಹೊಳೆ ನೋಡಲಿ, ಒಂದು ಕಂಬದ ಮೇಲೆ 1974ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗೆರೆ ಎಳೆದು ಬರೆಯಲಿ. ನಡೆಯುವವರು ದಿನಾ ದಾಟುವ ಸೇತುವೆಯಲ್ಲಿ ಒಂದು ಕಲ್ಲು ಅಲುಗಿದರೂ ಮರುದಿನ ಊರಿಗೆ ಗೊತ್ತಾಗುತ್ತದೆ. ಅರವತ್ತು ಕಿಲೋಮೀಟರ್ ವೇಗದಲ್ಲಿ ದಾಟುವವರಿಗೆ ಏನು ಗೊತ್ತಾಗುತ್ತದೆ?

ಕಾಕ ಚೀಲ ಎತ್ತಿಕೊಂಡರು. ಮಗ್ರಿಬ್ ನಮಾಜಿನ ಹೊತ್ತಾಗಿತ್ತು. "ಆಟಿಯ ಮಳೆಯಲ್ಲಿ ಬನ್ನಿ. ಆಗ ನೋಡ್ಬೇಕು ಇದರ ಕಾಲು ಎಷ್ಟು ಗಟ್ಟಿ ಅಂತ" ಎಂದು ಹೇಳಿ ಪಾಣೆಮಂಗಳೂರಿನ ಕಡೆಗೆ ನಡೆದರು. ನಾನು ಬಿ.ಸಿ.ರೋಡಿಗೆ ಹೋಗಿ ಬಸ್ಸು ಹಿಡಿದೆ. ನಿಡಿಗಲ್‌ನಲ್ಲಿ ನೇತ್ರಾವತಿ ದಾಟುವಾಗ ಕತ್ತಲಾಗಿತ್ತು. ಚಾರ್ಮಾಡಿಯ ಮೇಲೆ ಮಿಂಚು.

ಮರುದಿನ ಬೆಳಿಗ್ಗೆ ಪಕ್ಕದ ತೋಟದವರನ್ನು ಕರೆದು ನಮ್ಮ ಸಂಕದ ಕೆಳಗೆ ಇಳಿದೆ. 2019ರ ನಂತರ ನಾವಿಬ್ಬರೂ ಸೇರಿ ಕಟ್ಟಿದ್ದು ಅದು. ಮೇಲೆ ಎಲ್ಲ ಸರಿ ಇತ್ತು, ಬೆತ್ತದ ಬದಲು ಈಗ ನೈಲಾನ್ ಹಗ್ಗ. ಅವರ ಬದಿಯ ದಡದಲ್ಲಿ ಬುಡದ ಎರಡು ಕಲ್ಲು ಮುಂದಕ್ಕೆ ಜಾರಿ ಹಿಂದೆ ಕೈ ತೂರುವಷ್ಟು ಸಂದಿ ಬಿದ್ದಿತ್ತು. ಹಾರೆ ಹಾಕಿ ಅವನ್ನು ಎಬ್ಬಿಸಿ ಹಿಂದಕ್ಕೆ ಕೂರಿಸಿದೆವು. ನೀರು ಪಾದ ಮುಳುಗುವಷ್ಟು, ತಂಪು. ಅವರು ಒಮ್ಮೆ ಹಿಂದೆ ಸರಿದು ನೋಡಿ, "ಇನ್ನೆರಡು ದೊಡ್ಡ ಕಲ್ಲು ಬೇಕು" ಎಂದರು. ಹೊಳೆಯ ಮೇಲ್ಗಡೆಗೆ ಹುಡುಕಿಕೊಂಡು ಹೋದೆವು.